ಮೊದಲ ಟ್ಯಾಟೂ ಹಾಕಿಸ್ಕೊಳ್ಳೋ ಮುಂಚೆ ಇಷ್ಟು ಗೊತ್ತಿರಲಿ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

  ಇವತ್ತಿನ ವಿಷಯ ಟ್ಯಾಟೂ. ಅದರಲ್ಲೂ ಮೊದಲನೇ ಟ್ಯಾಟೂ.

ನಿಮ್ಮಲ್ಲಿ ಎಷ್ಟೋ ಜನ ಫೋನಿನಲ್ಲಿ ಆಗಲೇ ಹತ್ತಿಪ್ಪತ್ತು ಡಿಸೈನ್ ಸೇವ್ ಮಾಡಿಟ್ಕೊಂಡಿರ್ತೀರಿ. ಸಂಬಳ ಬಂದ ದಿನ, ಹುಟ್ಟಿದ ದಿನ, ಪರೀಕ್ಷೆ ಮುಗಿದ ದಿನ ಅಂತ ಒಂದು ದಿನಾನೂ ಗುರುತು ಹಾಕಿರ್ತೀರಿ. ಹಾಕಿಸ್ಕೋಬೇಡಿ ಅಂತ ಹೇಳೋಕೆ ನಾನು ಬಂದಿಲ್ಲ. ಹಾಕಿಸ್ಕೊಳ್ಳಲೇಬೇಕು ಅಂತಾನೂ ಹೇಳಲ್ಲ. ಸೂಜಿ ಚರ್ಮಕ್ಕೆ ತಾಗೋದಕ್ಕೆ ಮುಂಚೆ ಏನೇನು ವಿಚಾರ ಮಾಡಬೇಕು, ಯಾವ ಪ್ರಶ್ನೆ ಕೇಳಬೇಕು, ಯಾವ ಕಡೆ ಹೋಗಬಾರದು, ಅಷ್ಟನ್ನ ಮಾತಾಡೋಣ. ಯಾಕಂದ್ರೆ ಇದರಲ್ಲಿ ನೋವು, ದುಡ್ಡು ಇಷ್ಟೇ ಇಲ್ಲ. ಕೆಲವರಿಗೆ ಕೆಲಸದ ಪ್ರಶ್ನೆ, ಕೆಲವರಿಗೆ ಆರೋಗ್ಯದ ಪ್ರಶ್ನೆ.

ಅಜ್ಜಿ ಕೈಯಲ್ಲಿರೋ ಹಚ್ಚೆ

‘ಇದೆಲ್ಲ ಈಗಿನ ಹುಡುಗರ ಫ್ಯಾಷನ್’ ಅಂತ ಮನೆಯಲ್ಲಿ ಯಾರಾದ್ರೂ ಅಂದ್ರೆ, ಊರಲ್ಲಿರೋ ಹಿರಿಯ ಹೆಣ್ಣುಮಕ್ಕಳ ಕೈ ತೋರಿಸಿ. ಮುಂಗೈ ಮೇಲೆ ಹಸಿರು ಬಣ್ಣಕ್ಕೆ ತಿರುಗಿರೋ ಚುಕ್ಕಿ, ಗೆರೆ, ಚೇಳು, ಕೆಲವರಿಗೆ ಗಂಡನ ಹೆಸರು. ಅದೇ ಹಚ್ಚೆ. ಕೊರವಂಜಿ ಊರೂರು ತಿರುಗಿ, ಕಣಿ ಹೇಳಿ, ಹಚ್ಚೆ ಹಾಕಿ, ಅಕ್ಕಿಯೋ ರಾಗಿಯೋ ಕಾಸೋ ಇಸ್ಕೊಂಡು ಹೋಗ್ತಿದ್ದ ಕಾಲ ಅದು. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ 1909ರಲ್ಲಿ ಏಳು ಸಂಪುಟ ಪ್ರಕಟಿಸಿದ ಎಡ್ಗರ್ ಥರ್ಸ್ಟನ್ ಕೂಡ ಕೊರವ ಹೆಂಗಸರ ಹಚ್ಚೆ ಕಸುಬಿನ ಬಗ್ಗೆ ಬರೆದಿದ್ದಾರೆ. ‘ಸತ್ತಾಗ ಬಂಗಾರ ಬಿಚ್ಕೋತಾರೆ, ಹಚ್ಚೆ ಮಾತ್ರ ಜೊತೆಗೆ ಬರತ್ತೆ’ ಅನ್ನೋ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಇದೆ.

ಆ ಹಳೇ ಮಾತಲ್ಲೇ ನಮಗೆ ಬೇಕಾದ ಮೊದಲನೇ ಪಾಠ ಇದೆ. ಹಚ್ಚೆ ಹೋಗಲ್ಲ. ಬಟ್ಟೆ ಬದಲಾಯಿಸಬಹುದು, ಕೂದಲಿನ ಬಣ್ಣ ಬದಲಾಯಿಸಬಹುದು, ಇದನ್ನ ಹಾಗೆ ಮಾಡೋಕಾಗಲ್ಲ.

ಆಗಿನ ಸೂಜಿ ಜಾಗಕ್ಕೆ ಈಗ ಮೆಷಿನ್ ಬಂದಿದೆ. ನ್ಯೂಯಾರ್ಕಿನ ಸ್ಯಾಮುಯೆಲ್ ಓ’ರೈಲಿ 1891ರಲ್ಲಿ ವಿದ್ಯುತ್ ಟ್ಯಾಟೂ ಮೆಷಿನ್‌ಗೆ ಪೇಟೆಂಟ್ ಪಡೆದ. ಕಾಗದದ ಮೇಲೆ ತೂತು ಮಾಡಿ ಪ್ರತಿ ತೆಗೆಯೋಕೆ ಅಂತ ಥಾಮಸ್ ಎಡಿಸನ್ ಮಾಡಿದ್ದ ವಿದ್ಯುತ್ ಪೆನ್ನೇ ಅದಕ್ಕೆ ಮೂಲ. ಕಾಗದ ಚುಚ್ಚೋ ಯಂತ್ರ ಚರ್ಮ ಚುಚ್ಚೋ ಯಂತ್ರ ಆಯ್ತು.

ಚರ್ಮದ ಒಳಗೆ ಏನಾಗತ್ತೆ?

ನಮ್ಮ ಚರ್ಮದ ಮೇಲ್ಪದರ ಸದಾ ಉದುರ್ತಾ, ಹೊಸದಾಗಿ ಬೆಳೀತಾ ಇರತ್ತೆ. ಶಾಯಿ ಅಲ್ಲೇ ಉಳಿದ್ರೆ ಕೆಲವೇ ವಾರದಲ್ಲಿ ಮಾಯ. ಅದಕ್ಕೇ ಸೂಜಿ ಅದರ ಕೆಳಗಿನ ಪದರಕ್ಕೆ, ಸುಮಾರು 1ರಿಂದ 2 ಮಿಲಿಮೀಟರ್ ಆಳಕ್ಕೆ ಶಾಯಿ ಇಳಿಸತ್ತೆ. ಕಡಿಮೆ ಆಳ ಹೋದ್ರೆ ಗೆರೆ ಅಳಿಸಿ ಹೋಗತ್ತೆ, ಜಾಸ್ತಿ ಹೋದ್ರೆ ಶಾಯಿ ಹರಡಿ ಮಸಿ ಕಲೆ ಥರ ಕಾಣತ್ತೆ, ಗಾಯದ ಗುರುತೂ ಉಳಿಯತ್ತೆ. ಕಲಾವಿದರ ಕೈ ಎಷ್ಟು ಪಳಗಿದೆ ಅನ್ನೋದು ಮುಖ್ಯ ಆಗೋದು ಇಲ್ಲೇ.

ಶಾಯಿ ಒಳಗೆ ಹೋದ ಕೂಡಲೇ ದೇಹ ಅದನ್ನ ಹೊರಗಿನ ವಸ್ತು ಅಂತ ಗುರುತಿಸತ್ತೆ. ಮ್ಯಾಕ್ರೊಫೇಜ್ ಅನ್ನೋ ರಕ್ಷಣಾ ಕೋಶಗಳು ಓಡಿ ಬಂದು ಶಾಯಿಯ ಕಣಗಳನ್ನ ನುಂಗತ್ವೆ. ಆದರೆ ಜೀರ್ಣ ಮಾಡ್ಕೊಳ್ಳೋಕಾಗಲ್ಲ. ಹಾಗೇ ಹೊಟ್ಟೆಯಲ್ಲಿಟ್ಕೊಂಡು ಕೂತ್ಕೊಳ್ತವೆ. ಫ್ರಾನ್ಸ್‌ನ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲೆ ಮಾಡಿದ ಅಧ್ಯಯನದಲ್ಲಿ ಒಂದು ಸ್ವಾರಸ್ಯ ಕಂಡಿತ್ತು. ಶಾಯಿ ನುಂಗಿದ ಕೋಶ ಸತ್ತಾಗ ಶಾಯಿ ಹೊರಗೆ ಬೀಳತ್ತೆ, ಪಕ್ಕದ ಹೊಸ ಕೋಶ ಅದನ್ನ ಮತ್ತೆ ನುಂಗತ್ತೆ. ಹೀಗೆ ಕೈಯಿಂದ ಕೈಗೆ ದಾಟ್ತಾ ಅದೇ ಜಾಗದಲ್ಲಿ ಉಳಿಯತ್ತೆ.

ಅಂದ್ರೆ ಟ್ಯಾಟೂ ಅನ್ನೋದು ಗೋಡೆ ಮೇಲಿನ ಬಣ್ಣದ ಹಾಗಲ್ಲ. ಮೊದಲ ಕೆಲವು ವಾರ ಅದು ಒಂದು ಗಾಯ. ಇದೊಂದು ನೆನಪಿಟ್ಕೊಂಡ್ರೆ ಮುಂದೆ ಹೇಳೋದೆಲ್ಲ ತಾನಾಗೇ ಅರ್ಥ ಆಗತ್ತೆ.

‘ಬೇಡ ಅನ್ನಿಸಿದ್ರೆ ಲೇಸರ್‌ನಲ್ಲಿ ತೆಗೆಸಿದ್ರಾಯ್ತು’ ಅನ್ನೋ ಮಾತು ಕೇಳಿರ್ತೀರಿ. ತೆಗೆಸಬಹುದು ನಿಜ. ಆದರೆ ಅದು ಒಂದೇ ದಿನದ ಕೆಲಸ ಅಲ್ಲ. ಹಲವು ಸುತ್ತು ಬೇಕು, ಒಂದೊಂದರ ನಡುವೆ 6ರಿಂದ 8 ವಾರ ಬಿಡ್ತಾರೆ. ವರ್ಷ ದಾಟಬಹುದು. ಹಾಕಿಸಿದ್ದಕ್ಕಿಂತ ತೆಗೆಸೋಕೆ ಖರ್ಚು ಜಾಸ್ತಿ. ಕಪ್ಪು ಶಾಯಿ ಚೆನ್ನಾಗಿ ಹೋಗತ್ತೆ, ಹಸಿರು, ಹಳದಿ ಅಷ್ಟು ಸುಲಭಕ್ಕೆ ಬಿಡಲ್ಲ. ನಮ್ಮಂಥ ಕಂದು ಮೈಬಣ್ಣದವರಿಗೆ ಲೇಸರ್ ಬಿದ್ದ ಜಾಗದಲ್ಲಿ ಚರ್ಮ ಬಿಳಿಚಿಕೊಳ್ಳೋ ಇಲ್ಲಾ ಕಪ್ಪಾಗೋ ಸಾಧ್ಯತೆನೂ ಇದೆ.

ಯೂನಿಫಾರ್ಮ್ ಕನಸಿದ್ರೆ ಮೊದಲು ಇದನ್ನ ಕೇಳಿ

ಇವತ್ತಿನ ಸಂಚಿಕೆಯ ಅತಿ ಮುಖ್ಯ ಭಾಗ ಇದು. ಬೆಳಗ್ಗೆ ಐದಕ್ಕೆ ಎದ್ದು ಮೈದಾನದಲ್ಲಿ ಓಡ್ತಾ, ಸೇನೆಗೋ ಅರೆಸೇನಾ ಪಡೆಗೋ ತಯಾರಾಗ್ತಿರೋ ಕೇಳುಗರು ದಯವಿಟ್ಟು ಗಮನ ಇಟ್ಟು ಕೇಳಿ.

ಭಾರತೀಯ ಸೇನೆಯ ನೇಮಕಾತಿ ನಿಯಮದಲ್ಲಿ ಶಾಶ್ವತ ಟ್ಯಾಟೂ ಎಲ್ಲಿರಬಹುದು ಅಂತ ಸ್ಪಷ್ಟವಾಗಿ ಹೇಳಿದ್ದಾರೆ. ಮುಂಗೈಯ ಒಳಭಾಗ, ಅಂದ್ರೆ ಮೊಣಕೈ ಒಳಗಿನಿಂದ ಮಣಿಕಟ್ಟಿನವರೆಗೆ, ಮತ್ತೆ ಅಂಗೈಯ ಹಿಂಭಾಗ. ಅಷ್ಟೇ. ತೋಳು, ಎದೆ, ಬೆನ್ನು, ಕುತ್ತಿಗೆ ಮೇಲಿದ್ರೆ ಆಯ್ಕೆಯಿಂದ ಹೊರಗೆ. ಟ್ಯಾಟೂ ಹಾಕಿಸಿಕೊಳ್ಳೋ ಸಂಪ್ರದಾಯ ಇರೋ ಕೆಲವು ಬುಡಕಟ್ಟು ಸಮುದಾಯದವರಿಗೆ ವಿನಾಯಿತಿ ಇದೆ.

ಸಿಆರ್‌ಪಿಎಫ್, ಬಿಎಸ್‌ಎಫ್, ಸಿಐಎಸ್‌ಎಫ್‌ನಂಥ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳದ್ದು ಸ್ವಲ್ಪ ಬೇರೆ. ಅಲ್ಲಿ ಮುಂಗೈ ಒಳಭಾಗದ ಟ್ಯಾಟೂಗೆ ಅವಕಾಶ ಇರೋದು ಎಡಗೈಗೆ ಮಾತ್ರ, ಯಾಕಂದ್ರೆ ಸಲ್ಯೂಟ್ ಹೊಡೆಯೋದು ಬಲಗೈ. ಅದು ಬಿಟ್ರೆ ಅಂಗೈ ಹಿಂಭಾಗ. ಅಳತೆಗೂ ಮಿತಿ ಇದೆ: ದೇಹದ ಆ ಭಾಗದ ಕಾಲು ಪಾಲಿಗಿಂತ ಕಡಿಮೆ ಇರಬೇಕು. ದೇವರ ಚಿಹ್ನೆ, ಹೆಸರು ಇದ್ರೆ ಪರವಾಗಿಲ್ಲ, ಅಸಭ್ಯವಾಗಿರಬಾರದು.

ಈಗ ಯೋಚನೆ ಮಾಡಿ. ಎರಡು ವರ್ಷ ಓಡಿ, ಲಿಖಿತ ಪರೀಕ್ಷೆ ಪಾಸಾಗಿ, ದೈಹಿಕ ಪರೀಕ್ಷೆನೂ ಮುಗಿಸಿ, ಕೊನೆಗೆ ಮೆಡಿಕಲ್‌ನಲ್ಲಿ ಶರ್ಟ್ ತೆಗೆದಾಗ ತೋಳಿನ ಮೇಲಿನ ಸಿಂಹ ನೋಡಿ ‘ಆಗಲ್ಲ’ ಅಂದ್ರೆ? ಆ ಸಿಂಹನ ಮೂರು ತಿಂಗಳಲ್ಲಿ ತೆಗೆಸೋಕೂ ಆಗಲ್ಲ. ನೀವು ಯಾವ ಹುದ್ದೆಗೆ ಅರ್ಜಿ ಹಾಕ್ತೀರೋ ಅದರ ಅಧಿಸೂಚನೆ ಡೌನ್‌ಲೋಡ್ ಮಾಡಿ, ‘ಟ್ಯಾಟೂ’ ಅನ್ನೋ ಪದ ಹುಡುಕಿ, ಆ ಸಾಲು ಪೂರ್ತಿ ಓದಿ. ನಿಯಮ ಬದಲಾಗ್ತಾ ಇರತ್ತೆ, ಹಾಗಾಗಿ ಹೊಸ ಅಧಿಸೂಚನೆನೇ ನೋಡಿ. ‘ನಮ್ಮಣ್ಣಂಗೆ ಇತ್ತು, ಏನೂ ಅನ್ನಲಿಲ್ಲ’ ಅನ್ನೋ ಮಾತು ನಂಬ್ಕೋಬೇಡಿ. ಇನ್ನೂ ನಿರ್ಧಾರ ಆಗಿಲ್ಲ, ಎರಡು ವರ್ಷದಲ್ಲಿ ಯಾವುದಾದ್ರೂ ಯೂನಿಫಾರ್ಮ್ ಕೆಲಸಕ್ಕೆ ಪ್ರಯತ್ನ ಮಾಡಬಹುದು ಅನ್ನೋರಿಗೂ ನನ್ನ ಸಲಹೆ ಒಂದೇ: ಕೆಲಸ ಮೊದಲು, ಟ್ಯಾಟೂ ಆಮೇಲೆ. ಟ್ಯಾಟೂ ಕಾಯತ್ತೆ, ನೇಮಕಾತಿಯ ವಯೋಮಿತಿ ಕಾಯಲ್ಲ.

ವಿಮಾನಯಾನ, ಹೋಟೆಲ್, ಬ್ಯಾಂಕ್ ಥರದ ಕಡೆ ಕೆಲಸ ಹುಡುಕೋರೂ ಅಷ್ಟೇ. ಎಲ್ಲ ಕಡೆ ನಿಷೇಧ ಇಲ್ಲ, ಆದರೆ ಬಟ್ಟೆಯಿಂದ ಮುಚ್ಚೋಕಾಗದ ಜಾಗದಲ್ಲಿ ಮೊದಲ ಟ್ಯಾಟೂ ಬೇಡ. ಮುಖ, ಕುತ್ತಿಗೆ, ಬೆರಳು ಇವನ್ನ ಸದ್ಯಕ್ಕೆ ಮರೆತುಬಿಡಿ.

ನಿಮ್ಮ ಮೈಗೆ ಒಗ್ಗತ್ತಾ?

ಡಿಸೈನ್‌ಗಿಂತ ಮೊದಲು ನಿಮ್ಮ ಚರ್ಮದ ಕಥೆ ನೀವೇ ಒಮ್ಮೆ ಓದ್ಕೊಳ್ಳಿ. ಹಿಂದೆ ಸಣ್ಣ ಗಾಯ ಆದಾಗ, ಕಿವಿ ಚುಚ್ಚಿಸಿದಾಗ, ಆ ಜಾಗದಲ್ಲಿ ಚರ್ಮ ದಪ್ಪವಾಗಿ ಉಬ್ಬಿ ಗಂಟಿನ ಥರ ಉಳಿದಿತ್ತಾ? ಅದನ್ನ ಕೆಲಾಯ್ಡ್ ಅಂತಾರೆ. ಹಾಗಿದ್ರೆ ಟ್ಯಾಟೂನೂ ಹಾಗೇ ಉಬ್ಬಬಹುದು. ಎದೆ, ಭುಜದ ಮೇಲೆ ಈ ಸಮಸ್ಯೆ ಹೆಚ್ಚು. ಸೋರಿಯಾಸಿಸ್ ಇಲ್ಲಾ ತೊನ್ನು ಇರೋರಿಗೆ ಸೂಜಿ ಚುಚ್ಚಿದ ಜಾಗದಲ್ಲೇ ಅದು ಹೊಸದಾಗಿ ಕಾಣಿಸ್ಕೊಳ್ಳಬಹುದು.

ಸಕ್ಕರೆ ಕಾಯಿಲೆ ಇರೋರು, ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು, ಹೃದಯದ ಕವಾಟದ ತೊಂದರೆ ಇರೋರು, ರೋಗನಿರೋಧಕ ಶಕ್ತಿ ತಗ್ಗಿಸೋ ಔಷಧದ ಮೇಲಿರೋರು, ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗ್ತಿರೋರು ಮೊದಲು ಡಾಕ್ಟರ್ ಹತ್ರ ಕೇಳಿ. ಟ್ಯಾಟೂಗೋಸ್ಕರ ಡಾಕ್ಟರ್ ಕೊಟ್ಟ ಮಾತ್ರೆನ ನೀವೇ ನಿಲ್ಲಿಸೋದಂತೂ ಬೇಡ. ಗರ್ಭಿಣಿಯರು, ಎದೆಹಾಲು ಕುಡಿಸ್ತಿರೋ ತಾಯಂದಿರು ಸ್ವಲ್ಪ ಸಮಯ ಮುಂದಕ್ಕೆ ಹಾಕೋದು ಒಳ್ಳೇದು.

ಇನ್ನೊಂದು, ಹೆಚ್ಚಿನವರು ಯೋಚನೆನೇ ಮಾಡದ ವಿಷಯ: ಹೆಪಟೈಟಿಸ್ ಬಿ ಲಸಿಕೆ. ಇದು ಯಕೃತ್ತಿಗೆ ಬರೋ ಸೋಂಕು, ರಕ್ತದಿಂದ ಹರಡತ್ತೆ. ಈ ವೈರಸ್ ದೇಹದಿಂದ ಹೊರಗೆ, ಒಣಗಿದ ರಕ್ತದ ಕಲೆಯಲ್ಲಿ, ಕನಿಷ್ಠ 7 ದಿನ ಬದುಕಿರಬಲ್ಲದು. ಕಣ್ಣಿಗೆ ಸ್ವಚ್ಛವಾಗಿ ಕಾಣೋ ಸೂಜಿಯಲ್ಲೂ ಇರಬಹುದು. ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ ಇದು ದೇಶದಾದ್ಯಂತ ಸೇರಿದ್ದು 2011ರ ಹೊತ್ತಿಗೆ. ಅದಕ್ಕೂ ಮುಂಚೆ ಹುಟ್ಟಿದವರಲ್ಲಿ ಎಷ್ಟೋ ಜನರಿಗೆ ಹಾಕಿಸಿರೋದಿಲ್ಲ. ಅಮ್ಮನ ಹತ್ರ ನಿಮ್ಮ ಲಸಿಕೆ ಕಾರ್ಡ್ ಇದ್ಯಾ ಕೇಳಿ. ಹಾಕಿಸಿಲ್ಲ ಅಂದ್ರೆ ದೊಡ್ಡವರಿಗೂ ಕೊಡ್ತಾರೆ: ಮೊದಲನೇದು, ಒಂದು ತಿಂಗಳಿಗೆ ಎರಡನೇದು, ಆರು ತಿಂಗಳಿಗೆ ಮೂರನೇದು. ಟ್ಯಾಟೂ ನೆಪದಲ್ಲಿ ಆದ್ರೂ ಇದೊಂದು ಕೆಲಸ ಮುಗಿಯಲಿ. ಹೆಪಟೈಟಿಸ್ ಸಿ, ಎಚ್‌ಐವಿಗೆ ಲಸಿಕೆ ಇಲ್ಲ. ಅಲ್ಲಿ ಹೊಸ ಸೂಜಿಯೊಂದೇ ದಾರಿ.

ರಕ್ತದಾನ ಮಾಡೋ ಅಭ್ಯಾಸ ಇದ್ಯಾ? ನಮ್ಮ ದೇಶದ ಮಾರ್ಗಸೂಚಿ ಪ್ರಕಾರ ಟ್ಯಾಟೂ ಹಾಕಿಸಿದ ಮೇಲೆ 12 ತಿಂಗಳು ರಕ್ತ ಕೊಡೋ ಹಾಗಿಲ್ಲ. ಕಾಲೇಜಲ್ಲಿ ಮುಂದಿನ ವಾರ ಶಿಬಿರ ಇದ್ರೆ ಮೊದಲು ರಕ್ತ ಕೊಟ್ಟು, ಒಂದಷ್ಟು ದಿನ ಬಿಟ್ಟು ಟ್ಯಾಟೂ ಹಾಕಿಸಿ.

ಡಿಸೈನ್: ಧನ ಹೋಗಿ ದನ ಆಗಬಾರದು

ಈಗ ಖುಷಿಯ ಭಾಗಕ್ಕೆ ಬರೋಣ. ಮನಸ್ಸಿಗೆ ಬಂದ ಚಿತ್ರನ ಪ್ರಿಂಟ್ ತೆಗೆದು, ದಿನಾ ಕಣ್ಣಿಗೆ ಬೀಳೋ ಕಡೆ, ಕನ್ನಡಿ ಪಕ್ಕ ಅಂಟಿಸಿ. ಮೂರು ತಿಂಗಳು ಬಿಡಿ. ಆಗಲೂ ಇಷ್ಟ ಆಗ್ತಿದ್ರೆ ಮುಂದಕ್ಕೆ ಹೋಗಿ. ಜಾಗ ಹೇಗೆ ಕಾಣತ್ತೆ ನೋಡೋಕೆ ಅಂಟಿಸೋ ತಾತ್ಕಾಲಿಕ ಟ್ಯಾಟೂ ಅಥವಾ ಮಾಮೂಲಿ ಮೆಹಂದಿ ಸಾಕು. ಆದರೆ ‘ಕಪ್ಪು ಮೆಹಂದಿ’ ಅಂತ ಮಾರ್ತಾರಲ್ಲ, ಅದರ ಹತ್ರ ಹೋಗಬೇಡಿ. ಅದರಲ್ಲಿ ಕೂದಲಿನ ಡೈನಲ್ಲಿರೋ ಪಿಪಿಡಿ ಅನ್ನೋ ರಾಸಾಯನಿಕ ಇರತ್ತೆ, ಚರ್ಮ ಸುಟ್ಟ ಹಾಗೆ ಬೊಬ್ಬೆ ಬರಬಹುದು.

ತೀರಾ ಸಣ್ಣ ಅಕ್ಷರ, ಕೂದಲೆಳೆಯಂಥ ಗೆರೆ ಇನ್‌ಸ್ಟಾಗ್ರಾಮ್‌ನಲ್ಲಿ ತುಂಬಾ ಚೆನ್ನಾಗಿ ಕಾಣತ್ತೆ. ಯಾಕಂದ್ರೆ ಆ ಫೋಟೊ ತೆಗೆದಿರೋದು ಹಾಕಿಸಿದ ಹತ್ತನೇ ನಿಮಿಷಕ್ಕೆ. ವರ್ಷಗಳು ಹೋದ ಹಾಗೆ ಶಾಯಿ ಚರ್ಮದೊಳಗೆ ಸ್ವಲ್ಪ ಸ್ವಲ್ಪ ಹರಡತ್ತೆ. ಅದಕ್ಕೇ ಕಲಾವಿದರ ಹತ್ರ ಹೊಸ ಫೋಟೊ ಅಲ್ಲ, ಎರಡು ಮೂರು ವರ್ಷ ಹಳೇ ಕೆಲಸದ ಫೋಟೊ ಕೇಳಿ. ಬಣ್ಣದ ವಿಷಯಕ್ಕೆ ಬಂದ್ರೆ, ನಮ್ಮ ಮೈಬಣ್ಣದ ಮೇಲೆ ಕಪ್ಪು ಮತ್ತೆ ಗಾಢ ಬಣ್ಣಗಳು ಚೆನ್ನಾಗಿ ನಿಲ್ಲತ್ವೆ. ಬಿಳಿ, ತಿಳಿ ಹಳದಿ, ತಿಳಿ ಗುಲಾಬಿ ಅಷ್ಟಾಗಿ ಕಾಣಲ್ಲ. ಅಲರ್ಜಿ ಹೆಚ್ಚಾಗಿ ಬರೋದು ಕೆಂಪು ಶಾಯಿಗೆ. ಮೊದಲ ಟ್ಯಾಟೂಗೆ ಬರೀ ಕಪ್ಪು ಸಾಕು ಅನ್ನೋದು ಒಳ್ಳೇ ಸಲಹೆ.

ಕನ್ನಡದಲ್ಲಿ ಬರೆಸೋರಿಗೆ ಪ್ರತ್ಯೇಕವಾಗಿ ನಾಲ್ಕು ಮಾತು. ನಮ್ಮ ಲಿಪಿ ದುಂಡಗೆ, ಚರ್ಮದ ಮೇಲೆ ಬಹಳ ಚೆಂದ. ಆದರೆ ಅದರ ಕಷ್ಟ ಅದಕ್ಕೇ ಇದೆ.

ಒಂದು, ಡಿಸೈನ್ ಮಾಡೋ ಸಾಫ್ಟ್‌ವೇರ್‌ಗಳಲ್ಲಿ ಭಾರತೀಯ ಭಾಷೆಯ ಸೆಟ್ಟಿಂಗ್ ಸರಿ ಇಲ್ಲದಿದ್ರೆ ಒತ್ತಕ್ಷರ ಒಡೆದು ಹೋಗತ್ತೆ. ‘ಅಮ್ಮ’ ಅಂತ ಟೈಪ್ ಮಾಡಿದ್ದು ‘ಅಮ್‌ಮ’ ಆಗತ್ತೆ. ‘ಶಕ್ತಿ’ ಹೋಗಿ ‘ಶಕ್‌ತಿ’ ಆಗತ್ತೆ. ಕಲಾವಿದರಿಗೆ ಕನ್ನಡ ಓದೋಕೆ ಬರದಿದ್ರೆ ಅದು ಹಾಗೇ ಚರ್ಮಕ್ಕೆ ಇಳಿಯತ್ತೆ. ಹೆತ್ತಮ್ಮನ ನೆನಪಿಗೆ ಹಾಕಿಸಿದ್ದನ್ನ ಜೀವಮಾನ ಪೂರ್ತಿ ತಪ್ಪಾಗಿ ಹೊತ್ಕೊಂಡು ತಿರುಗೋದು ಯಾರಿಗೂ ಬೇಡ.

ಎರಡು, ಕಾಗುಣಿತ. ‘ಆಶೀರ್ವಾದ’ನ ‘ಆರ್ಶೀವಾದ’ ಅಂತ ಬರೆಯೋರು ಎಷ್ಟು ಜನ ಇಲ್ಲ! ಆಟೊ ಹಿಂದೆ ಬರೆಸಿದ್ರೆ ನಕ್ಕು ಬಿಡಬಹುದು, ಮುಂಗೈ ಮೇಲಾದ್ರೆ ಆಗಲ್ಲ. ನಿಘಂಟು ನೋಡಿ, ಕನ್ನಡ ಮೇಷ್ಟ್ರಿಗೆ ಒಂದು ವಾಟ್ಸ್‌ಆ್ಯಪ್ ಹಾಕಿ, ಕನಿಷ್ಠ ಮೂರು ಜನರಿಂದ ಓದಿಸಿ.

ಮೂರು, ಅಳತೆ. ಮಹಾಪ್ರಾಣಕ್ಕೆ ಕೆಳಗೆ ಬರೋ ಪುಟ್ಟ ಗೀಟು, ಅಕ್ಷರಗಳ ಒಳಗಿನ ಖಾಲಿ ಜಾಗ ಇವೆಲ್ಲ ಸಣ್ಣದಾಗಿ ಬರೆಸಿದ್ರೆ ಕಾಲ ಕಳೆದ ಹಾಗೆ ಮುಚ್ಚಿ ಹೋಗತ್ವೆ. ‘ಧನ’ ಅಂತ ಬರೆಸಿದ್ದು ಹತ್ತು ವರ್ಷಕ್ಕೆ ‘ದನ’ ಆದ್ರೆ ಯಾರನ್ನ ಕೇಳ್ತೀರಿ? ಕನ್ನಡ ಅಕ್ಷರ ಸ್ವಲ್ಪ ದೊಡ್ಡದಾಗೇ ಇರಲಿ, ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡಲಿ.

ನಾಲ್ಕು, ಪ್ರೀತಿ ಮಾಡ್ತಿರೋರ ಹೆಸರು. ಈ ವಿಷಯದಲ್ಲಿ ನಾನೇನೂ ಹೇಳಲ್ಲ. ಹೇಳಿದ್ರೂ ನೀವು ಕೇಳಲ್ಲ. ಒಂದು ವರ್ಷ ಕಾದು ಹಾಕಿಸಿ, ನಿಜವಾದ ಪ್ರೀತಿಗೆ ಅದರಿಂದ ಏನೂ ನಷ್ಟ ಇಲ್ಲ.

ಅಂಗಡಿ ಆರಿಸೋದು ಹೇಗೆ? ಜಾತ್ರೆಯಲ್ಲಿ ಯಾಕೆ ಬೇಡ?

ಜಾತ್ರೆಯಲ್ಲಿ, ಸಂತೆಯಲ್ಲಿ, ಪ್ರವಾಸಿ ತಾಣದ ರಸ್ತೆ ಬದಿಯಲ್ಲಿ ಬ್ಯಾಟರಿ ಮೆಷಿನ್ ಇಟ್ಕೊಂಡು ಕೂತಿರ್ತಾರೆ. ಐದೇ ನಿಮಿಷ, ನೂರಿನ್ನೂರು ರೂಪಾಯಿ, ಹೆಸರು ಬರೆದು ಕಳಿಸ್ತಾರೆ. ಅವರೂ ಹೊಟ್ಟೆಪಾಡಿಗೆ ದುಡಿಯೋರು, ಅವರ ಬಗ್ಗೆ ನನಗೇನೂ ಕೋಪ ಇಲ್ಲ. ಆದರೆ ಲೆಕ್ಕ ಹಾಕಿ. ಒಬ್ಬರಿಗೆ ಒಂದು ಹೊಸ ಸೂಜಿ, ಹೊಸ ಶಾಯಿ ಬಟ್ಟಲು, ಹೊಸ ಗ್ಲೌಸ್ ಹಾಕಿ ಆ ದುಡ್ಡಲ್ಲಿ ಅಂಗಡಿ ನಡೆಸೋಕೆ ಆಗತ್ತಾ? ಅದೇ ಸೂಜಿನ ಬಟ್ಟೆಯಲ್ಲಿ ಒರೆಸಿ, ಅದೇ ಬಟ್ಟಲಿನ ಶಾಯಿಗೆ ಅದ್ದಿ ಮುಂದಿನವರಿಗೆ ಹಾಕಿದ್ರೆ, ನಿಮಗಿಂತ ಮುಂಚೆ ಕೂತವರ ರಕ್ತ ನಿಮಗೆ ಬರತ್ತೆ. ಸೂಜಿ ಬದಲಾಯಿಸಿ ಶಾಯಿ ಬದಲಾಯಿಸದಿದ್ರೂ ಅಷ್ಟೇ ಅಪಾಯ. ಈ ಒಂದು ಮಾತು ನಿಮ್ಮ ತಮ್ಮ, ತಂಗಿ, ಊರಿನ ಗೆಳೆಯರಿಗೆ ದಾಟಿಸಿದ್ರೂ ಇವತ್ತಿನ ಸಂಚಿಕೆ ಸಾರ್ಥಕ.

ಒಳ್ಳೇ ಸ್ಟುಡಿಯೊ ಹೇಗಿರತ್ತೆ? ಟ್ಯಾಟೂ ಹಾಕಿಸೋ ದಿನ ಅಲ್ಲ, ಅದಕ್ಕೆ ಮುಂಚೆ ಒಂದು ದಿನ ಸುಮ್ಮನೆ ಹೋಗಿ ನೋಡಿ ಬನ್ನಿ. ಇಷ್ಟು ಪ್ರಶ್ನೆ ಕೇಳಿ:

• ಸೂಜಿ ಒಂದೇ ಸಲ ಬಳಸೋದಾ? ಸೀಲ್ ಮಾಡಿದ ಪ್ಯಾಕೆಟ್ ನನ್ನ ಕಣ್ಣೆದುರೇ ಒಡೀತೀರಾ? ಪ್ಯಾಕೆಟ್ ಮೇಲಿನ ಅವಧಿ ಮುಗಿಯೋ ದಿನಾಂಕ ನೋಡಬಹುದಾ?

• ಶಾಯಿನ ದೊಡ್ಡ ಬಾಟಲಿಯಿಂದ ಪುಟ್ಟ ಹೊಸ ಬಟ್ಟಲಿಗೆ ಹಾಕಿ, ಮಿಕ್ಕಿದ್ದನ್ನ ಚೆಲ್ತೀರಾ?

• ಮತ್ತೆ ಬಳಸೋ ಉಪಕರಣ ಇದ್ರೆ ಆಟೊಕ್ಲೇವ್ ಇದ್ಯಾ? ಇದು ಒತ್ತಡದ ಹಬೆಯಲ್ಲಿ, 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 15ರಿಂದ 20 ನಿಮಿಷ ಇಟ್ಟು ಸೂಕ್ಷ್ಮಾಣು ಕೊಲ್ಲೋ ಯಂತ್ರ. ಬಿಸಿನೀರು, ಸ್ಯಾನಿಟೈಸರ್ ಇದಕ್ಕೆ ಸಮ ಅಲ್ಲ.

• ಬಳಸಿದ ಸೂಜಿ ಎಲ್ಲಿ ಹಾಕ್ತೀರಿ? ಮಾಮೂಲಿ ಕಸದ ಬುಟ್ಟಿನಾ, ಚುಚ್ಚದ ಗಟ್ಟಿ ಡಬ್ಬಿನಾ?

• ಯಾವ ಕಂಪನಿಯ ಶಾಯಿ? ಬಾಟಲಿ ಮೇಲೆ ಬ್ಯಾಚ್ ಸಂಖ್ಯೆ ಇದ್ಯಾ?

ಈ ಪ್ರಶ್ನೆಗಳಿಗೆ ಒಳ್ಳೇ ಕಲಾವಿದರು ಬೇಜಾರು ಮಾಡ್ಕೊಳ್ಳಲ್ಲ. ಖುಷಿಯಾಗಿ ತೋರಿಸ್ತಾರೆ. ‘ಅದೆಲ್ಲ ನಿಮಗ್ಯಾಕೆ, ನಾವು ನೋಡ್ಕೋತೀವಿ’ ಅಂದ್ರೆ ಎದ್ದು ಬನ್ನಿ. ವಯಸ್ಸು ಕೇಳದೆ, ಗುರುತಿನ ಚೀಟಿ ನೋಡದೆ, 18 ತುಂಬದವರಿಗೂ ಹಾಕ್ತಾರೆ ಅಂದ್ರೂ ಎದ್ದು ಬನ್ನಿ.

ಶಾಯಿ ಬಗ್ಗೆ ಇನ್ನೊಂದು ಮಾತು. ಐರೋಪ್ಯ ಒಕ್ಕೂಟದಲ್ಲಿ 2022ರ ಜನವರಿಯಿಂದ ಟ್ಯಾಟೂ ಶಾಯಿಯಲ್ಲಿ ಸಾವಿರಾರು ರಾಸಾಯನಿಕಗಳಿಗೆ ಕಡಿವಾಣ ಹಾಕಿದ್ದಾರೆ. ನಮ್ಮಲ್ಲೂ ಈ ಚರ್ಚೆ ಶುರುವಾಗಿದೆ. ಟ್ಯಾಟೂ ಶಾಯಿಯಲ್ಲಿರೋ ಲೋಹಗಳ ಬಗ್ಗೆ ಕರ್ನಾಟಕದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ 2025ರಲ್ಲಿ ಆತಂಕ ವ್ಯಕ್ತಪಡಿಸಿ, ನಿಯಮ ಬೇಕು ಅಂದಿದ್ದರು. ಬಿಗಿ ನಿಯಮ ಬರೋವರೆಗೆ ಬಾಟಲಿ ತಿರುಗಿಸಿ ನೋಡೋ ಕೆಲಸ ನಿಮ್ಮದೇ.

ದುಡ್ಡಿನ ಚೌಕಾಸಿ ಮಾಡಬಹುದಾ? ತರಕಾರಿ ಥರ ಬೇಡ. ಬಜೆಟ್ ಕಡಿಮೆ ಇದ್ರೆ ಡಿಸೈನ್ ಸರಳ ಮಾಡ್ಕೊಳ್ಳಿ, ಇಲ್ಲಾ ಇನ್ನೆರಡು ತಿಂಗಳು ದುಡ್ಡು ಕೂಡಿಡಿ. ಕಮ್ಮಿ ದುಡ್ಡಿಗೆ ಮಾಡೋ ಕಡೆ ಹುಡುಕ್ಕೊಂಡು ಹೋಗಬೇಡಿ.

ದಿನ ಯಾವುದು? ಆ ದಿನ ಏನು ಮಾಡಬೇಕು?

ಗಾಯ ಮೇಲ್ನೋಟಕ್ಕೆ ಮಾಯೋಕೆ ಎರಡರಿಂದ ನಾಲ್ಕು ವಾರ ಬೇಕು. ಆ ಅವಧಿಯಲ್ಲಿ ಈಜು ಇಲ್ಲ, ಕೆರೆ, ನದಿ, ಸಮುದ್ರ ಇಲ್ಲ, ಬಿಸಿಲು ಇಲ್ಲ. ಹಾಗಾಗಿ ಗೋಕರ್ಣ ಟ್ರಿಪ್ ಹಿಂದಿನ ವಾರ ಬೇಡ. ಹೋಳಿ ಓಕುಳಿಗೆ ಮುಂಚೆ ಬೇಡ. ಏಪ್ರಿಲ್ ಬಿಸಿಲಲ್ಲಿ ದಿನಾ ಬೈಕ್ ಓಡಿಸೋರು ಮುಂಗೈ ಮೇಲೆ ಹಾಕಿಸ್ಕೊಳ್ಳೋದಾದ್ರೆ ತುಂಬು ತೋಳಿನ ಸಡಿಲ ಹತ್ತಿ ಶರ್ಟ್ ರೆಡಿ ಇಟ್ಕೊಳ್ಳಿ.

ಹಿಂದಿನ ದಿನ ಚೆನ್ನಾಗಿ ನಿದ್ದೆ ಮಾಡಿ, ನೀರು ಕುಡೀರಿ. ಮದ್ಯ ಬೇಡ, ಕುಡಿದ್ರೆ ರಕ್ತ ಜಾಸ್ತಿ ಸೋರತ್ತೆ. ಖಾಲಿ ಹೊಟ್ಟೆಯಲ್ಲಂತೂ ಹೋಗಲೇಬೇಡಿ. ಸೂಜಿ, ರಕ್ತ ನೋಡಿದಾಗ ಕೆಲವರಿಗೆ ರಕ್ತದೊತ್ತಡ ದಿಢೀರ್ ಇಳಿದು ಕಣ್ಣು ಕತ್ತಲೆ ಬರತ್ತೆ. ಗಟ್ಟಿಮುಟ್ಟಾದ ಹುಡುಗರೂ ಬೀಳ್ತಾರೆ, ಅದರಲ್ಲಿ ನಾಚಿಕೆ ಏನಿಲ್ಲ. ಊಟ ಮಾಡ್ಕೊಂಡು ಹೋಗಿ, ಜೇಬಲ್ಲಿ ಎರಡು ಚಾಕ್‌ಲೇಟ್ ಇರಲಿ. ತಲೆ ಸುತ್ತಿದ್ರೆ ತಕ್ಷಣ ಹೇಳಿ, ಮಲಗಿ.

ನೋವು? ಇರತ್ತೆ. ಸುಟ್ಟ ಚರ್ಮದ ಮೇಲೆ ಉಗುರಿನಿಂದ ಗೀರಿದ ಹಾಗಿರತ್ತೆ. ಮೂಳೆ ಮೇಲೆ ತೆಳು ಚರ್ಮ ಇರೋ ಕಡೆ, ಅಂದ್ರೆ ಪಕ್ಕೆಲುಬು, ಕಾಲಿನ ಗಿಣ್ಣು, ಮೊಣಕೈ, ಇಲ್ಲೆಲ್ಲ ಜಾಸ್ತಿ. ಮಾಂಸ ಇರೋ ಕಡೆ ಕಡಿಮೆ. ಮರಗಟ್ಟಿಸೋ ಕ್ರೀಮ್ ಆನ್‌ಲೈನ್‌ನಲ್ಲಿ ಸಿಗತ್ತೆ, ಆದರೆ ನೀವೇ ತರಿಸಿ ಬಳೀಬೇಡಿ. ಲಿಡೊಕೇಯ್ನ್ ಪ್ರಮಾಣ ಮಿತಿಮೀರಿರೋ ಇಂಥ ಕ್ರೀಮ್‌ಗಳ ಬಗ್ಗೆ ಅಮೆರಿಕದ ಎಫ್‌ಡಿಎ 2024ರಲ್ಲಿ ಎಚ್ಚರಿಕೆ ಕೊಟ್ಟಿದೆ. ದೊಡ್ಡ ಜಾಗಕ್ಕೆ ಬಳಿದು ಪ್ಲಾಸ್ಟಿಕ್ ಸುತ್ತಿದ್ರೆ ಔಷಧ ರಕ್ತಕ್ಕೆ ಸೇರಿ ಹೃದಯ ಬಡಿತಾನೇ ಏರುಪೇರಾಗಬಹುದು.

ಸೂಜಿಗೆ ಮುಂಚೆ ಕಲಾವಿದರು ಚರ್ಮದ ಮೇಲೆ ಸ್ಟೆನ್ಸಿಲ್ ಅಚ್ಚು ಒತ್ತುತ್ತಾರೆ. ತಪ್ಪು ಹಿಡಿಯೋಕೆ ಅದು ಕೊನೇ ಅವಕಾಶ. ಕನ್ನಡಿಯಲ್ಲಿ ಅಕ್ಷರ ಉಲ್ಟಾ ಕಾಣತ್ತೆ, ಸೆಲ್ಫಿ ಕ್ಯಾಮೆರಾನೂ ಕೆಲವು ಫೋನಲ್ಲಿ ಉಲ್ಟಾ ತೋರಿಸತ್ತೆ. ಹಿಂದಿನ ಕ್ಯಾಮೆರಾದಲ್ಲಿ ಫೋಟೊ ತೆಗೆಸಿ, ಒಂದೊಂದೇ ಅಕ್ಷರ ಓದಿ. ಜಾಗ ಅರ್ಧ ಇಂಚು ಆ ಕಡೆ ಇರಬೇಕಿತ್ತು ಅನ್ನಿಸಿದ್ರೆ ಸಂಕೋಚ ಬಿಟ್ಟು ಹೇಳಿ. ಒರೆಸಿ ಮತ್ತೆ ಹಾಕೋಕೆ ಎರಡು ನಿಮಿಷ ಸಾಕು.

ಮನೆಗೆ ಬಂದ ಮೇಲೆ

ಸುತ್ತಿರೋ ಹಾಳೆ ಎಷ್ಟು ಹೊತ್ತು ಇರಬೇಕು ಅಂತ ಕಲಾವಿದರು ಹೇಳ್ತಾರೆ, ಅದನ್ನ ಪಾಲಿಸಿ. ಕೈ ತೊಳ್ಕೊಂಡೇ ಮುಟ್ಟಿ. ವಾಸನೆ ಇಲ್ಲದ ಸೋಪು, ಉಗುರುಬೆಚ್ಚಗಿನ ನೀರು, ಒತ್ತಿ ಒರೆಸೋ ಸ್ವಚ್ಛ ಬಟ್ಟೆ, ತೆಳುವಾಗಿ ವಾಸನೆ ಇಲ್ಲದ ಮಾಯಿಶ್ಚರೈಸರ್. ಇಷ್ಟೇ. ಅರಿಶಿನ, ಬೋರೊಲಿನ್, ಯಾರೋ ಹೇಳಿದ ಎಣ್ಣೆ ಇವೆಲ್ಲ ಬೇಡ. ಒಂದು ವಾರಕ್ಕೆ ಹಕ್ಕಳೆ ಏಳತ್ತೆ, ವಿಪರೀತ ಕಡಿತ ಬರತ್ತೆ. ಕೆರೀಬೇಡಿ, ಕೀಳಬೇಡಿ. ಕಿತ್ತರೆ ಶಾಯಿನೂ ಜೊತೆಗೆ ಬರತ್ತೆ.

ಮೊದಲ ಎರಡು ಮೂರು ದಿನ ಕೆಂಪು, ಸ್ವಲ್ಪ ಊತ ಸಹಜ. ಆದರೆ ಕೆಂಪು ದಿನದಿನಕ್ಕೆ ಹರಡ್ತಾ ಹೋದ್ರೆ, ಕೀವು, ಜ್ವರ ಬಂದ್ರೆ, ನೋವು ಹೆಚ್ಚಾದ್ರೆ ಸ್ಟುಡಿಯೊಗೆ ಫೋನ್ ಮಾಡ್ತಾ ಕೂರಬೇಡಿ, ಡಾಕ್ಟರ್ ಹತ್ರ ಹೋಗಿ. ಬೈತಾರೆ ಅಂತ ಮನೆಯಲ್ಲಿ ಮುಚ್ಚಿಟ್ಟು ಸೋಂಕು ಜಾಸ್ತಿ ಮಾಡ್ಕೊಳ್ಳೋದು ಬೇಡ. ಮುಂದೆ ಯಾವತ್ತಾದ್ರೂ ಎಂಆರ್‌ಐ ಮಾಡಿಸೋವಾಗ ಟ್ಯಾಟೂ ಇದೆ ಅಂತ ಸಿಬ್ಬಂದಿಗೆ ಹೇಳಿ. ಅಪರೂಪಕ್ಕೆ ಆ ಜಾಗ ಬಿಸಿ ಆದ ಹಾಗೆ, ಎಳೆದ ಹಾಗೆ ಅನ್ನಿಸಬಹುದು.

ಮನೆಯವರಿಗೆ ಹೇಳೋದಾ, ಬೇಡ್ವಾ?

ಇದು ನಿಮಗೆ ಬಿಟ್ಟಿದ್ದು. 18 ದಾಟಿದ್ರೆ ಮೈ ನಿಮ್ಮದು. ಆದರೆ ಒಂದು ವಿಷಯ. ‘ಬೇಡ’ ಅನ್ನೋ ಅಪ್ಪನ ಮಾತಿನ ಹಿಂದೆ ಸಾಮಾನ್ಯವಾಗಿ ಇರೋದು ಎರಡು ಭಯ: ಕಾಯಿಲೆ ಬಂದ್ರೆ? ಕೆಲಸ ಸಿಗದಿದ್ರೆ? ಇವೆರಡೂ ನ್ಯಾಯವಾದ ಭಯ ಅನ್ನೋದನ್ನ ನಾವು ಇಷ್ಟು ಹೊತ್ತು ನೋಡಿದ್ವಿ. ‘ಅಪ್ಪಾಜಿ, ಅಧಿಸೂಚನೆ ಓದಿದ್ದೀನಿ, ಮುಚ್ಚೋ ಜಾಗದಲ್ಲೇ ಹಾಕಿಸ್ತಿದ್ದೀನಿ. ಲಸಿಕೆ ಆಗಿದೆ. ಸ್ಟುಡಿಯೊ ಹೋಗಿ ನೋಡ್ಕೊಂಡು ಬಂದಿದ್ದೀನಿ’ ಅಂತ ಕೂತು ಹೇಳಿದ್ರೆ ಒಪ್ಪದೇನೂ ಇರಬಹುದು, ಆದರೆ ಮಗ, ಮಗಳು ಯೋಚನೆ ಮಾಡಿದ್ದಾರೆ ಅನ್ನೋದು ಅವರಿಗೆ ಗೊತ್ತಾಗತ್ತೆ. ಈ ಮೂರು ವಾಕ್ಯನ ಧೈರ್ಯವಾಗಿ ಹೇಳೋಕೆ ಆಗ್ತಿಲ್ಲ ಅಂದ್ರೆ, ಇನ್ನೂ ತಯಾರಿ ಮುಗಿದಿಲ್ಲ ಅಂತಾನೇ ಅರ್ಥ.

ಈ ಸಂಚಿಕೆನ ಜಾತ್ರೆಗೆ ಹೊರಟಿರೋ ಗೆಳೆಯನಿಗೆ, ಸೇನೆಗೆ ಓಡ್ತಿರೋ ತಮ್ಮನಿಗೆ ಇವತ್ತೇ ಕಳಿಸಿ. ಅವರು ಸೂಜಿಗೆ ಕೈ ಕೊಡೋ ಮುಂಚೆ ಕೇಳಿಸ್ಕೊಳ್ಳಲಿ. ಮುಂದಿನ ವಾರ ಇನ್ನೊಂದು ವಿಷಯದ ಜೊತೆ ಸಿಗೋಣ.